ಅಕ್ಕ ನನ್ನ ಕೈಗೇ ಕೊಟ್ಟಿದ್ದಳು

ಅಂಡಮಾನಿನ ಸಮುದ್ರದಲ್ಲಿ ನನ್ನ ಅಕ್ಕನ ಇಷ್ಟಲಿಂಗ ಕಳೆದದ್ದು ಅಕ್ಕನಿಂದಲ್ಲ, ನನ್ನಿಂದ. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಹೊತ್ತು ಬರುತ್ತಿರಲಿಲ್ಲ. ಕಳೆದವನೂ ನಾನು, ‘ನೀನೇ ಕಳೆದೆ’ ಎಂದು ಅವಳ ಮುಖ ನೋಡಿ ಹೇಳಿದವನೂ ನಾನು. ಅಕ್ಕ ನಂಬಿದಳು. ಇಷ್ಟು ವರ್ಷ ಅದನ್ನೇ ನಂಬಿಕೊಂಡು ಬದುಕಿದಳು.

ಮೊಬೈಲಿನಲ್ಲಿ ನನ್ನನ್ನು ನೋಡುವವರಿಗೆ ಅಕ್ಕ ಯಾರೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಮಿರಜಿನ ಪೇಟೆಯಲ್ಲಿ ನಮ್ಮ ಭಾವ ತೀರಿಕೊಂಡ ಮೇಲೆ ಅಂಗಡಿಯ ಗಾದಿಯ ಮೇಲೆ ಕೂತವಳು ಅಕ್ಕ. ಅರಿಶಿನ, ಮೆಣಸಿನಕಾಯಿ, ಬೆಲ್ಲ ಮಾರುತ್ತಾಳೆ, ಗಿರಾಕಿಗಳನ್ನು ಬೈಯುತ್ತ ಮಾರುತ್ತಾಳೆ. ಅರಿಶಿನವನ್ನು ಮೂಸಿ ಮೂಸಿ ನೋಡುತ್ತಿದ್ದ ಒಬ್ಬನಿಗೆ ಒಮ್ಮೆ, “ಏ, ಮದುವಿ ಹೆಣ್ಣ ನೋಡಾಕ ಬಂದೀಯೇನ? ಒಯ್ಯೂದಿದ್ರ ಒಯ್ಯಿ, ಇಲ್ಲಂದ್ರ ಇಟ್ಟ ನಡಿ” ಅಂದಳು. ನಾನು ಅದನ್ನು ಚಿತ್ರೀಕರಿಸಿ ಹಾಕಿದೆ. ಜನ ಬಿದ್ದು ಬಿದ್ದು ನಕ್ಕರು. ಕತೆ ಹೇಳುವವನೆಂದು ನನಗೊಂದು ಹೆಸರು ಬಂದಿದ್ದರೆ ಅದು ಬಂದದ್ದು ಅವಳ ಬಾಯಿಯಿಂದ.

ಮತ್ತು ಅವಳ ತಲೆಯಿಂದ. ಆ ತಲೆ — ಏನು ಹೇಳಲಿ. ಸಲಗರೆಯಿಂದ ಬಂದ ಗಿರಾಕಿ ಚಪ್ಪಲಿ ಬಿಡುವ ಮೊದಲೇ, “ಸೊಸಿ ಹಡದಾಳಲಾ, ಅಂಟಿನುಂಡಿಗೆ ಬೆಲ್ಲ ಬೇಕಲಾ ನಿಮಗ?” ಎಂದು ಕೇಳುತ್ತಿದ್ದಳು. ಯಾವ ಮನೆಯವರಿಗೆ ಯಾವ ಖಾರ, ಯಾರ ಮನೆಯಲ್ಲಿ ಯಾವ ಹಬ್ಬಕ್ಕೆ ಎಷ್ಟು ಜನ, ಎಲ್ಲ ನೆನಪು. ಅವಳು ಏನನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ.

ಆ ತಲೆಯನ್ನು ನಾನು ಕೆಡಿಸಿದೆ.

ಅಂಡಮಾನಿಗೆ ಕರೆದೊಯ್ದವನು ಅಕ್ಕನ ಮಗ ಮಹೇಶ. ನಾವು ಮೂವರು. ಒಂದು ದಿನ ಸ್ಪೀಡ್‌ಬೋಟಿನಲ್ಲಿ ಮೂರು ದ್ವೀಪ — ಒಂದು ಕಡೆ ಹಳೆಯ ಪಾಳು ಕಟ್ಟಡ, ಒಂದು ಕಡೆ ನೀರಿಗಿಳಿದು ಮೀನು ಹವಳ ನೋಡುವುದು, ಒಂದು ಕಡೆ ಊಟ. ಜೊತೆಗೆ ಒಬ್ಬ ಗೈಡ್. ಬೋಟು ನೀರಿನ ಮೇಲೆ ಎತ್ತಿ ಎತ್ತಿ ಹಾಕುತ್ತಿತ್ತು, ಡೀಸೆಲ್ ವಾಸನೆ, ಹಿಂದೆ ಯಾರೋ ಪ್ಲಾಸ್ಟಿಕ್ ಚೀಲದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ಸೆರಗು ಬಿಗಿದುಕೊಂಡು ಮುಂದಿನ ಸೀಟಿನಲ್ಲಿ ಕೂತು, ಎತ್ತಿನ ಗಾಡಿಯಲ್ಲಿ ಹೊರಟವಳ ಹಾಗೆ ಆರಾಮಾಗಿ ಇದ್ದಳು.

ಎರಡನೆಯ ದ್ವೀಪದ ಹತ್ತಿರ ಬೋಟು ನಿಂತಿತು. ಮಹೇಶ ಮೊದಲ ತಂಡದಲ್ಲಿ ನೀರಿಗಿಳಿದು ದೂರ ಹೋಗಿದ್ದ. ಅಲ್ಲಿಂದಲೇ, “ಆಯಿ, ಕಾಯ್ ಮಾಸೆ ಆಹೇತ ಗ! ಬಾ, ನೋಡ ಬಾ!” ಎಂದು ಕೂಗಿದ. ಮಿರಜಿನಲ್ಲಿ ಬೆಳೆದವನು, ಅವನ ಬಾಯಲ್ಲಿ ಮರಾಠಿಯೇ ಹೆಚ್ಚು; ಅವ್ವಾ, ಎಂಥ ಮೀನು, ನೋಡು ಬಾ ಅಂತ. ಅಕ್ಕನಿಗೂ ಆಸೆಯಾಯಿತು. ಉಸಿರಾಡುವ ನಳಿಗೆ ನೋಡಿ ಮಾತ್ರ ಹೇಸಿದಳು.

“ಮಂದಿ ಬಾಯಾಗ ಇಟ್ಟದ್ದ ನಾ ಬಾಯಾಗ ಇಟ್ಕೊಳ್ಳಾ? ಥೂ, ಎಂಜಲ!”

ಗೈಡ್ ನಳಿಗೆಯನ್ನು ಔಷಧದ ನೀರಿನ ಬಕೆಟಿನಲ್ಲಿ ಅದ್ದಿ ಕೊಟ್ಟ. ಅಕ್ಕ ಅದನ್ನು ಮತ್ತೆ ತನ್ನ ಸೆರಗಿನಿಂದ ಉಜ್ಜಿದಳು, ಕುಡಿಯುವ ನೀರಿನಿಂದ ತೊಳೆದಳು, ಮತ್ತೆ ಉಜ್ಜಿದಳು. ಬೋಟಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಚಿತ್ರೀಕರಿಸುತ್ತಿದ್ದೆ. ಇದು ಓಡುತ್ತದೆ, ಇದು ಜೋರಾಗಿ ಓಡುತ್ತದೆ — ಅಂದುಕೊಳ್ಳುತ್ತಿದ್ದೆ.

ಆಮೇಲೆ ಗೈಡ್ ಅವಳ ಕೊರಳಿಗೆ ಕೈ ತೋರಿಸಿದ. ಕೊರಳಲ್ಲಿ ಏನೂ ಇರಬಾರದು, ಲೈಫ್ ಜಾಕೆಟಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ ಎಂದು ಹಿಂದಿಯಲ್ಲಿ ಹೇಳಿದ.

ಅಕ್ಕನ ಕೊರಳಲ್ಲಿದ್ದದ್ದು ಬೆಳ್ಳಿಯ ಕರಡಿಗೆ. ಅದರೊಳಗೆ ಇಷ್ಟಲಿಂಗ. ನಮ್ಮವರಲ್ಲದವರಿಗೆ ತಿಳಿಯಲೆಂದು ಹೇಳುತ್ತೇನೆ — ಅದು ಆಭರಣವಲ್ಲ, ಗುಡಿಯ ದೇವರೂ ಅಲ್ಲ. ಗುರು ದೀಕ್ಷೆ ಕೊಟ್ಟು ಕಟ್ಟಿದ, ಅವರವರ ಒಂದೇ ಒಂದು ಲಿಂಗ. ಅಕ್ಕ ಸಣ್ಣ ಹುಡುಗಿಯಿದ್ದಾಗ ಕಟ್ಟಿದ್ದು. ದಿನಾ ಬೆಳಿಗ್ಗೆ ಎಡಗೈಯ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಅವಳ ಬಾಯಿಗೆ ಚಹಾ. ಅದು ಮೈಮೇಲೆ ಇಲ್ಲದಿದ್ದರೆ ಗುಟುಕು ನೀರೂ ಇಳಿಯುವುದಿಲ್ಲ. ನನ್ನದು? ಕಾಲೇಜಿಗೆ ಹೋಗುವಾಗ ನಾಚಿಕೆಯೆಂದು ತೆಗೆದೆ. ಎಲ್ಲಿಟ್ಟೆನೋ ಗೊತ್ತಿಲ್ಲ. ಅಂಥವನ ಕೈಗೆ —

“ಹಂಗಾರ ನಾ ಇಳಿಯೂದಿಲ್ಲ” ಅಂದಳು ಅಕ್ಕ.

ಅವಳು ಇಳಿಯದಿದ್ದರೆ ನನ್ನ ವಿಡಿಯೊ ಇಲ್ಲ. ಅದಕ್ಕೇ ಬಾಯಿ ಹಾಕಿದೆ.

“ಏ ಅಕ್ಕಾ, ನನ್ನ ಕೈಯಾಗ ಕೊಡು. ನಾ ಹಿಡಕೊಂಡ ಕುಂದರತೇನಿ.”

“ಮಂದಿ ಕೈಯಾಗ ಕೊಡೂದಲ್ಲ ಅದು.”

“ನಾ ಮಂದಿ ಏನು?”

ಅಕ್ಕ ನನ್ನನ್ನು ನೋಡಿದಳು. “ಅಲ್ಲ ಬಿಡು” ಅಂದಳು. ಗೈಡ್ ಆಗಲೇ ನೀರಿಗಿಳಿದಿದ್ದ, ಉಳಿದವರ ಕಣ್ಣು ಮೀನಿನ ಮೇಲಿತ್ತು. ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ನನ್ನ ಅಂಗೈಯಲ್ಲಿಟ್ಟಳು. ನನ್ನ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚಿದಳು. “ನೆಲಕ್ಕ ಇಡಬ್ಯಾಡ ರಾಜ್ಯಾ.”

ಅವಳು ನೀರಿಗಿಳಿಯುತ್ತಲೇ ನಾನು ಅದನ್ನು ಚಡ್ಡಿಯ ಜೇಬಿಗೆ ತುರುಕಿದೆ. ಹೌದು, ಚಡ್ಡಿಯ ಜೇಬಿಗೆ. ಮೊಬೈಲ್ ಹಿಡಿಯಲು ಎರಡೂ ಕೈ ಬೇಕಾಗಿತ್ತು.

ಅಕ್ಕ ತೇಲುವ ರಿಂಗು ಹಿಡಿದುಕೊಂಡು, ಗೈಡಿನ ಹಿಂದೆ, ಹವಳ ಇರುವ ಕಡೆಗೆ ತೇಲುತ್ತ ಹೋದಳು. ಮುಖ ನೀರಲ್ಲಿ ಮುಳುಗಿಸಿದಳು. ನಾನು ಬೋಟಿನ ಅಂಚಿಗೆ ಬಗ್ಗಿ ಕಾಯುತ್ತಿದ್ದೆ. ಮೊಬೈಲಿನ ಮೇಲೆ ಸಿಡಿದ ನೀರು ಒರೆಸಲು ಜೇಬಿನಿಂದ ಕರವಸ್ತ್ರ ಎಳೆದೆ. ಅದರ ಜೊತೆ ದಾರ ಬಂತು. ತೊಡೆಗೆ ತಣ್ಣಗೆ ಏನೋ ತಾಗಿತು. ಆಮೇಲೆ ‘ಬುಳುಕ್’ ಎಂಬ ಸಣ್ಣ ಸದ್ದು.

ಏನು ಬಿತ್ತೆಂದು ನನಗೆ ತಿಳಿಯಿತು. ತಿಳಿಯಲಿಲ್ಲವೆಂದು ಈಗ ಬರೆಯಬಹುದು — ಯಾರು ನೋಡಿದ್ದಾರೆ? ಆದರೆ ತಿಳಿಯಿತು. ಅದೇ ಹೊತ್ತಿಗೆ ಅಕ್ಕ ನೀರಿನಿಂದ ಮುಖ ಎತ್ತಿದಳು, ಬಾಯಿಯಿಂದ ನಳಿಗೆ ಕಿತ್ತು, ಹುಡುಗಿಯ ಹಾಗೆ ಕಿಲಕಿಲ ನಕ್ಕಳು. “ರಾಜ್ಯಾ! ಅರಿಶಿಣ ಬಣ್ಣದ್ದ ಐತೋ! ನನ್ನ ಮಾರಿ ಮುಂದನ ಬಂತೋ!” ಭಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಒಳ್ಳೆಯ ಶಾಟ್ ಸಿಕ್ಕಿತ್ತು. ಕೆಳಗೆ ಲಿಂಗ ಮುಳುಗುತ್ತಿತ್ತು, ನಾನು ಮೊಬೈಲ್ ಅಲುಗದಂತೆ ಹಿಡಿದು ನಿಂತೆ.

ಶಾಟ್ ಮುಗಿದ ಮೇಲೆ ಕೆಳಗೆ ನೋಡಿದೆ. ನೀಲಿ ನೀರು. ಏನೂ ಕಾಣಲಿಲ್ಲ.

ಆಗಲೂ ಕೂಗಬಹುದಿತ್ತು. ಅದೇ ಗೈಡ್ ಸ್ವಲ್ಪ ಮೊದಲು ಪುಣೆಯ ಹೆಂಗಸೊಬ್ಬಳ ಕಪ್ಪು ಕನ್ನಡಕವನ್ನು ತಳದಿಂದ ತೆಗೆದುಕೊಟ್ಟಿದ್ದ. ಇಲ್ಲೇ ಬಿತ್ತು, ಬಾ ಎಂದಿದ್ದರೆ — ನಾನು ಅನ್ನಲಿಲ್ಲ. ಅಕ್ಕನ ಬೈಗುಳಕ್ಕೆ ಹೆದರಿದೆ. ಲಕ್ಷಗಟ್ಟಲೆ ಜನಕ್ಕೆ ತೋರಿಸಿ ನಗಿಸಿದ ಅದೇ ಬೈಗುಳ ನನ್ನ ಮೇಲೆ ಬರುತ್ತದೆಂದು ಹೆದರಿದೆ. ಎಷ್ಟು ಸಣ್ಣ ಕಾರಣ. ಬರೆಯುವಾಗ ಬಾಯೆಲ್ಲ ಕಹಿಯಾಗುತ್ತದೆ.

ಅಕ್ಕ ಏಣಿ ಹತ್ತಿ ಬಂದಳು. ಒದ್ದೆ ಎಡಗೈ ಮುಂದೆ ಚಾಚಿದಳು. “ಕೊಡು.”

“ಏನು ಕೊಡಲಿ?”

“ಕರಡಿಗಿ. ನಿನ್ನ ಕೈಯಾಗ ಕೊಟ್ಟಿದ್ದೆನಲಾ?”

ಆಗ ನಾನು ಹೇಳಿದೆ — ಆ ಮಾತು ನನ್ನ ಬಾಯಿಯಿಂದ ಎಷ್ಟು ಸರಳವಾಗಿ ಬಂತೆಂದರೆ — “ನನಗ ಎಲ್ಲಿ ಕೊಟ್ಟಿ ಅಕ್ಕಾ? ಬಿಚ್ಚಾಕ ಕೈ ಹಾಕಿದಿ, ಆಮ್ಯಾಲ ಬ್ಯಾಡ ಅಂದಿ. ಕೊಳ್ಳಾಗ ಹಾಕ್ಕೊಂಡನ ಇಳದೀಯಲಾ.”

ಅಕ್ಕ ಕೊರಳು ಮುಟ್ಟಿಕೊಂಡಳು. ಜಾಕೆಟಿನ ಒಳಗೆ ಕೈ ಹಾಕಿ ತಡಕಾಡಿದಳು. ನನ್ನ ಮುಖ ನೋಡಿದಳು. ನಾನು ಗಾಬರಿಯ ಮುಖ ಮಾಡಿದೆ. ಅವಳ ಮುಂದೆ ಆಗ ಎರಡೇ ಇದ್ದವು: ತನ್ನ ನೆನಪು, ತನ್ನ ತಮ್ಮ. ಅವಳು ತಮ್ಮನನ್ನು ಆರಿಸಿಕೊಂಡಳು.

“ಅಯ್ಯ ಶಿವನ… ಕೊಳ್ಳಾಗ ಇತ್ತಾ?”

ಅವಳು ಅಲ್ಲೇ ಕುಸಿದು ಕೂತಳು. ಗೈಡ್ ಏನಾಯಿತೆಂದು ಕೇಳಿದ. ಮಹೇಶ ಈಜಿಕೊಂಡು ಬಂದ. ಎಲ್ಲಿ ಬಿದ್ದಿರಬಹುದೆಂದು ಕೇಳಿದಾಗ ನಾನು ಬೆರಳು ಮಾಡಿ ತೋರಿಸಿದೆ — ದೂರ, ಅಕ್ಕ ತೇಲುತ್ತಿದ್ದ ಕಡೆಗೆ. ಗೈಡ್ ಅಲ್ಲಿ ಹೋಗಿ ಮುಳುಗಿದ. ಎದ್ದ, ಮತ್ತೆ ಮುಳುಗಿದ. ಮಹೇಶನೂ ಮುಳುಗಿದ. ಇಬ್ಬರ ಕಣ್ಣೂ ಕೆಂಪಗಾದವು. ಲಿಂಗ ಬಿದ್ದದ್ದು ನನ್ನ ಕಾಲ ಕೆಳಗೆ, ಬೋಟಿನ ಪಕ್ಕ. ನಾನು ಅಲ್ಲೇ ನಿಂತು, ಇಲ್ಲದ ಕಡೆಗೆ ಬೆರಳು ತೋರಿಸುತ್ತ, “ಆಚೆ ಇರಬೇಕು, ಇನ್ನೂ ಸ್ವಲ್ಪ ಆಚೆ” ಎನ್ನುತ್ತಿದ್ದೆ. ಬೋಟು ಹೊರಡುವ ಹೊತ್ತಾಯಿತು. ಹೊರಟಿತು.

ಕಳೆದದ್ದು ತಪ್ಪು, ಸುಳ್ಳು ಅದಕ್ಕಿಂತ ದೊಡ್ಡ ತಪ್ಪು. ಆದರೆ ಆ ಬೆರಳು — ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಮೂರನೆಯ ದ್ವೀಪದಲ್ಲಿ ಊಟ. ಅಕ್ಕ ಮರದ ನೆರಳಲ್ಲಿ ಕೂತಳು. ಸುಡುವ ಬಿಸಿಲು. ಮಹೇಶ ಎಳನೀರು ತಂದು, “ಆಯಿ, ಏಕ ಘೋಟ ತರೀ ಘೇ” ಎಂದು ಅಂಗಲಾಚಿದ. ಒಂದು ಗುಟುಕೂ ಕುಡಿಯಲಿಲ್ಲ. ಮೈಮೇಲೆ ಲಿಂಗವಿಲ್ಲ. ನಾನು ಹತ್ತಿರ ಕೂತು ಸಮಾಧಾನ ಮಾಡಿದೆ, ಬೆನ್ನು ಸವರಿದೆ. ಆಮೇಲೆ ಗುಡಿಸಲ ಹಿಂದೆ ಹೋಗಿ, ಅಕ್ಕನಿಗೂ ಮಹೇಶನಿಗೂ ಕಾಣದ ಹಾಗೆ, ಹುರಿದ ಸಿಗಡಿ ತಿಂದೆ. ಹಸಿವಾಗಿತ್ತು. ಬೆರಳಿಗೆ ಮೆತ್ತಿದ ಎಣ್ಣೆಯನ್ನು ನೆಕ್ಕಿದೆ. ಅಕ್ಕ ನನ್ನ ಕೈಯಲ್ಲಿ ಕರಡಿಗೆ ಇಟ್ಟು ಮಡಚಿದ ಅದೇ ಬೆರಳುಗಳು.

ಮರುದಿನ ಟಿಕೆಟ್ ಬದಲಿಸಿ ಹೊರಟೆವು. ವಿಮಾನ, ಮತ್ತೊಂದು ವಿಮಾನ, ಬೆಳಗಾವಿಯಿಂದ ಕಾರು. ಅಕ್ಕನ ತುಟಿ ಒಡೆದು ರಕ್ತ ಒಸರುತ್ತಿತ್ತು. ಚಿಕ್ಕೋಡಿ ಹತ್ತಿರ ಕಾರಿನಲ್ಲಿ ಕಣ್ಣು ಕತ್ತಲೆ ಬಂದು ನನ್ನ ಹೆಗಲ ಮೇಲೆ ಬಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಮಿರಜಿಗೆ ಬಂದವರೇ ನೇರ ಮಠಕ್ಕೆ ಹೋದೆವು. ಹೆಂಗ ಹೋತವಾ ಎಂದು ಸ್ವಾಮಿಗಳು ಕೇಳಿದಾಗ ಅಕ್ಕ ನನ್ನ ಸುಳ್ಳನ್ನೇ ತನ್ನ ನೆನಪಾಗಿ ಹೇಳಿದಳು. “ಕೊಳ್ಳಾಗ ಇತ್ತರಿ ಅಪ್ಪಾರ. ನನಗ ಖಬರ ಇರಲಿಲ್ಲ. ಮೀನ ನೋಡಕೋತ ಮರತೆ.” ಸ್ವಾಮಿಗಳು ಬೈಯಲಿಲ್ಲ. ಹೊಸ ಲಿಂಗ ಕಟ್ಟಿದರು. ಅಕ್ಕ ನೀರು ಕುಡಿದಳು. ಇನ್ನೇನು, ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ಆ ವಿಡಿಯೊ? ಕೆಲವು ತಿಂಗಳ ನಂತರ ಹಾಕಿದೆ. ಅಕ್ಕ ನಕ್ಕ ಭಾಗ. ಬುಳುಕ್ ಎಂಬ ಸದ್ದು ಅದರಲ್ಲಿ ಕೇಳುತ್ತಿತ್ತು, ಅದಕ್ಕೆ ಮೇಲೆ ಹಾಡು ಹಾಕಿದೆ. ಬಹಳ ಓಡಿತು.

ಮುಗಿದಿರಲಿಲ್ಲ. ಅಂದಿನಿಂದ ಅಕ್ಕ ತನ್ನ ತಲೆಯನ್ನು ನಂಬುವುದನ್ನು ಬಿಟ್ಟಳು. ಬೆಲ್ಲ ತೂಗಿ, “ತೂಗಿದೆನ ನಾ?” ಎಂದು ಗಿರಾಕಿಯನ್ನೇ ಕೇಳುವಳು. ಕೀಲಿ ಹಾಕಿ ಅರ್ಧ ಓಣಿ ಬಂದು ತಿರುಗಿ ಹೋಗಿ ನೋಡುವಳು. ಬೈಯುವುದು ನಿಂತಿತು. ತಪ್ಪು ತನ್ನದೇ ಇರಬಹುದೆಂದು ಅನುಮಾನವಿರುವವಳು ಯಾರನ್ನು ಬೈದಾಳು? ಗಿರಾಕಿಗಳು ವಾದ ಮಾಡಿದರೆ, “ಇದ್ದೀತಪಾ, ನನಗ ನೆನಪ ಇರೂದಿಲ್ಲ” ಎಂದು ಒಪ್ಪಿಬಿಡುವಳು. ಮಹೇಶ ನರಗಳ ಡಾಕ್ಟರಿಗೆ ತೋರಿಸಿದ. ಅವರು ಏನೂ ತೊಂದರೆಯಿಲ್ಲ ಎಂದರು. ಅಕ್ಕ ನಂಬಲಿಲ್ಲ. “ಲಿಂಗಾನ ಮರತಾಕಿ ನಾ. ಡಾಕ್ಟರಗ ಏನ್ ಗೊತ್ತು?”

ಕಳೆದ ವಾರ ಮಹೇಶ ನನ್ನನ್ನೂ ಕರೆದು ಕೂರಿಸಿಕೊಂಡು, ಅವಳಿಗೆ ಇನ್ನು ಅಂಗಡಿಗೆ ಬರುವುದು ಬೇಡ ಅಂದ. “ಆಯಿ, ಆತಾ ರಾಹೂ ದೇ. ಘರೀ ಆರಾಮ ಕರ.” ಒಳ್ಳೆಯ ಹುಡುಗ, ಪ್ರೀತಿಯಿಂದಲೇ ಅಂದ. ಅಕ್ಕ ಸೊಂಟದ ಕೀಲಿಕೈಯ ಗೊಂಚಲು ಬಿಚ್ಚಿ ಅವನ ಮುಂದೆ ಇಟ್ಟಳು. “ಖರೇನ ಐತಿ. ನನ್ನ ತಲಿ ಅಂಡಮಾನದಾಗನ ಹೋಗೇತಿ.”

ನಾನು ಏನೆಂದೆ ಗೊತ್ತೇ? “ವಯಸ್ಸ ಆತಲಾ ಅಕ್ಕಾ” ಎಂದೆ.

ಆ ಮಾತು ಆಡಿ ಸಾಂಗ್ಲಿಯ ನನ್ನ ಮನೆಗೆ ಬಂದು ಊಟಕ್ಕೆ ಕೂತೆ. ತುತ್ತು ಬಾಯಲ್ಲಿಟ್ಟೆ, ನುಂಗಲಾಗಲಿಲ್ಲ. ಉಗುಳಿ ಎದ್ದೆ. ಪಶ್ಚಾತ್ತಾಪವೆಂದು ತಿಳಿಯಬೇಡಿ. ಅದು ಬರೀ ಹೇಸಿಗೆ — ಚರಂಡಿಯಲ್ಲಿ ಕಾಲಿಟ್ಟವನಿಗೆ ತನ್ನ ಕಾಲಿನ ಮೇಲೆಯೇ ಆಗುವ ಹೇಸಿಗೆ.

ಮರುದಿನ ಬೆಳಿಗ್ಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಕೂರಲಿಲ್ಲ, ಕೂತರೆ ಬೇರೆ ಮಾತು ಶುರುವಾಗುತ್ತದೆ. ನಿಂತೇ ಎಲ್ಲ ಹೇಳಿದೆ. ಜೇಬು, ಕರವಸ್ತ್ರ, ಸದ್ದು, ಬೆರಳು, ಸಿಗಡಿ. ಅಕ್ಕನ ಕೈ ಮೊರದ ಮೇಲೆ ನಿಂತಿತು.

“ಅಂದ್ರ ನಾ ಕೊಟ್ಟಿದ್ದೆ?”

“ಕೊಟ್ಟಿದ್ದಿ.”

“ನಿನ್ನ ಬೆರಳ ಮಡಚಿದ್ದೆ?”

“ಮಡಚಿದ್ದಿ ಅಕ್ಕಾ.”

“ನೆಲಕ್ಕ ಇಡಬ್ಯಾಡ ಅಂದಿದ್ದೆ?”

“ಅಂದಿದ್ದಿ.”

ಹೊಡೆಯುತ್ತಾಳೆಂದು ಕಾದೆ, ಹೊಡೆಯಲೆಂದು ಕಾದೆ. ಅವಳು ಕೇಳಿದ್ದು ಒಂದೇ: “ನನ್ನ ತುಟಿ ಒಡದ ರಕ್ತ ಬರೂಮುಂದ ನೀ ಬಾಜೂಕ ಇದ್ದೀಯಲಾ?”

“ಇದ್ದೆ.”

ಎದ್ದಳು. “ನಡಿ. ಮಹ್ಯಾನ ಮುಂದ ಹೇಳು.”

ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಮಹೇಶ ನನ್ನ ಕಡೆ ನೋಡಲಿಲ್ಲ. ಗಾದಿಯಿಂದ ಇಳಿದು, ತಾಯಿಯ ಕಾಲಿಗೆ ಬಿದ್ದ. ಅಕ್ಕ ಮೇಲೆ ಹತ್ತಿ ಕೂತಳು. “ಅಕ್ಕಾ, ನಾ ಏನ್ ಮಾಡಲಿ?” ಎಂದೆ. ಅವಳು ತಕ್ಕಡಿ ಸರಿಮಾಡುತ್ತ ಹೇಳಿದಳು: “ನನ್ನ ಮಾರಿ ತೋರಿಸಿ ಮಂದೀನ ನಗಸೂದ ಬಿಡು. ಮತ್ತ ಇಲ್ಲಿ ಬರಬ್ಯಾಡ.”

ಅವಳ ವಿಡಿಯೊಗಳನ್ನೆಲ್ಲ ತೆಗೆದಿದ್ದೇನೆ. ಪೇಟೆಯ ಆ ಓಣಿಗೆ ಹೋಗಿಲ್ಲ, ಅವಳು ಕರೆಯದೆ ಹೋಗುವುದೂ ಇಲ್ಲ. ಅಕ್ಕ ಎಲ್ಲಿ, ಅಕ್ಕನಿಗೆ ಏನಾಯಿತು ಎಂದು ನೀವೆಲ್ಲ ಕೇಳುತ್ತಿದ್ದೀರಿ. ಅಕ್ಕ ಅಂಗಡಿಯಲ್ಲಿದ್ದಾಳೆ. ಅವಳು ಯಾವತ್ತೂ ಏನನ್ನೂ ಮರೆತಿರಲಿಲ್ಲ. ಇದನ್ನೂ ಮರೆಯುವುದಿಲ್ಲ.