ಬಣ್ಣದ ಮೇಸ್ತ್ರಿ ಹಲ್ಲು ಬಿಳಿ ಮಾಡಿಕೊಂಡದ್ದು

ಬಿಳಿ ಬಣ್ಣದ ವಿಷಯದಲ್ಲಿ ತನ್ನನ್ನು ಯಾಮಾರಿಸುವ ಗೋಡೆ ಇನ್ನೂ ಎದ್ದಿಲ್ಲ ಎಂದು ಪೇಂಟರ್ ಮೇಸ್ತ್ರಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ನಮಗೆ ನಿಮಗೆ ಬಿಳಿ ಎಂದರೆ ಒಂದೇ. ಮೇಸ್ತ್ರಿಗೆ ಅದು ನಾನೂರು. ಹಂಸವೇ ಎದುರು ಬಂದು ನಿಂತರೂ ಕತ್ತಿನ ಹತ್ತಿರ ಇನ್ನೊಂದು ಕೋಟು ಬೇಕಿತ್ತು ಎನ್ನುವ ಆಸಾಮಿ. ಹಳೇ ಗೋಡೆಗೆ ಅವರು ತೇಪೆ ಹಾಕಿ ಬಳಿದರೆ, ತೇಪೆ ಎಲ್ಲಿತ್ತೆಂದು ಮನೆಯ ಯಜಮಾನರು ಅವರನ್ನೇ ಕೇಳಬೇಕು. ಎರಡು ದಿನ ಕಳೆದರೆ ಅವರಿಗೂ ಗೊತ್ತಾಗುತ್ತಿರಲಿಲ್ಲ.

ಇಂಥವರ ಬಾಯೊಳಗಿನ ಬಣ್ಣ ಮಾತ್ರ ಹೇಳುವ ಹಾಗಿರಲಿಲ್ಲ. ಮೂವತ್ತು ವರ್ಷದ ಟೀ, ಸಿಗರೇಟು ಸೇರಿ ಹಲ್ಲುಗಳು ಗ್ಯಾರೇಜಿನ ಗೋಡೆಯಾಗಿದ್ದವು. ಕ್ಯಾಮೆರಾ ಕಂಡರೆ ತುಟಿಗೆ ಬೀಗ. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳಲ್ಲೆಲ್ಲ ಮೇಸ್ತ್ರಿ ಯಾರ ಮೇಲೋ ದೂರು ಕೊಡಲು ಬಂದವರ ಹಾಗೆ ನಿಂತಿದ್ದಾರೆ.

ಈಗ ಆ ಮಗಳಿಗೆ ಮದುವೆ ಗೊತ್ತಾಗಿತ್ತು. ನೋಂದಣಿ ಕಚೇರಿಯಲ್ಲಿ ಸಹಿ, ಎದುರಿನ ಸ್ಟುಡಿಯೋದಲ್ಲಿ ಒಂದು ಫೋಟೋ, ಅಷ್ಟೇ. ನಿನಗೇನು ಕೊಡಲಿ ಎಂದು ಅಪ್ಪ ಕೇಳಿದಾಗ ಅವಳು ಬಟ್ಟೆ ಮಡಿಸುತ್ತಲೇ ಹೇಳಿದಳು: "ಏನೂ ಬೇಡಪ್ಪ. ಆ ಫೋಟೋದಲ್ಲಿ ನೀನು ಬಾಯ್ತುಂಬ ನಗಬೇಕು. ಅಷ್ಟು ದೂರ ಹೋಗ್ತಿದೀನಿ, ಅಲ್ಲಿ ನೋಡ್ಕೊಳ್ಳೋಕೆ ನಗೋ ಅಪ್ಪ ಬೇಕು. ಮುನಿಸ್ಕೊಂಡಿರೋ ಅಪ್ಪ ಆಲ್ಬಮ್ಮಿನ ತುಂಬ ಇದಾನೆ."

ಇದ್ದದ್ದು ಮೂರು ವಾರ. ಮೇಸ್ತ್ರಿ ಮಾರನೇ ದಿನವೇ ಹಲ್ಲಿನ ಕ್ಲಿನಿಕ್ಕಿಗೆ ಹೋದರು. ಕೌಂಟರಿನಲ್ಲಿದ್ದ ಹೆಂಗಸು ಸಾವಧಾನವಾಗಿ ವಿವರಿಸಿದಳು. ಮೊದಲು ಪಾಚಿ ತೆಗೆದು ಕ್ಲೀನ್ ಮಾಡಬೇಕು. ಆಮೇಲೆ ಇಲ್ಲೇ ಕುರ್ಚಿಯಲ್ಲಿ ಕೂರಿಸಿ ಜೆಲ್ ಹಚ್ಚಿದರೆ ಒಂದು ತಾಸಿನ ಕೆಲಸ. ಇಲ್ಲವೇ ಹಲ್ಲಿನ ಅಚ್ಚು ತೆಗೆದು ಒಂದು ಟ್ರೇ ಮಾಡಿಕೊಡುತ್ತಾರೆ, ಅದರಲ್ಲಿ ಜೆಲ್ ತುಂಬಿ ಎರಡು ವಾರ ಮನೆಯಲ್ಲೇ ಹಾಕಿಕೊಳ್ಳುವುದು. ಯಾವುದಾದರೂ ಸರಿ, ಮೊದಲು ಡಾಕ್ಟರು ಬಾಯಿ ನೋಡಲೇಬೇಕು. ಅಷ್ಟರಲ್ಲಿ ಒಳಗಿನಿಂದ ಕೊರೆಯುವ ಯಂತ್ರದ ಸದ್ದು ಕೇಳಿಸಿತು. ಐದನೇ ಮಹಡಿಗೆ ಕಟ್ಟಿದ ಸಾರುವೆಯ ಬೊಂಬುಗಳ ಮೇಲೆ ಬೆಕ್ಕಿನ ಹಾಗೆ ಓಡಾಡುವ ಮನುಷ್ಯ, ಮೆಟ್ಟಿಲ ಲೆಕ್ಕವನ್ನೂ ಇಡದೆ ಬೀದಿಗೆ ಓಡಿಬಂದರು.

ಆಮೇಲೆ ಕ್ಷೌರದಂಗಡಿಯವನ ಮಾತು ಕೇಳಿ ನಿಂಬೆಹುಳಿ, ಸೋಡಾ ಸೇರಿಸಿ ಉಜ್ಜಿದ್ದಾಯಿತು. ಮೂರನೇ ದಿನ ಒಂದು ಗುಟುಕು ತಣ್ಣೀರು ಕುಡಿದವರು ಪಕ್ಕದ ಬೀದಿಯವರೂ ಕಿಟಕಿ ತೆಗೆಯುವ ಹಾಗೆ ಕೂಗಿದರು. ಹೆಂಡತಿ ನಿಂಬೆಹಣ್ಣುಗಳನ್ನು ಬಚ್ಚಿಟ್ಟಳು. ಕಡೆಗೆ ಔಷಧಿ ಅಂಗಡಿ. ಹಲ್ಲು ಬಿಳಿಯಾಗಲು ಅಂಟಿಸುವ ಪಟ್ಟಿಯ ಡಬ್ಬಿ ಕೊಡುತ್ತ ಅಂಗಡಿಯವನು, ಕಟ್ಟಿಸಿದ ಹಲ್ಲೇನಾದರೂ ಇದೆಯೇ ಎಂದು ಕೇಳಿದ.

"ಎಲ್ಲಾ ಸ್ವಂತದ್ದು," ಎಂದರು ಮೇಸ್ತ್ರಿ, ಸೈಟಿನ ಕಾಗದ ತೋರಿಸುವವರ ಗತ್ತಿನಲ್ಲಿ.

ದಿನಾ ಅರ್ಧ ಗಂಟೆ ಪಟ್ಟಿ ಅಂಟಿಸಿಕೊಂಡು ಮಾತಿಲ್ಲದೆ ಕೂರುತ್ತಿದ್ದರು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಈ ಅರ್ಧ ಗಂಟೆ ಸಿಕ್ಕಿತಲ್ಲ ಎಂದು ಹೆಂಡತಿ ಪುಣ್ಯ ಎಣಿಸಿದಳು. ಹನ್ನೆರಡನೇ ಬೆಳಿಗ್ಗೆ ಮೇಸ್ತ್ರಿ ಕನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ಬಂದರು. ಹಲ್ಲು ಬೆಳ್ಳಗಾಗಿದ್ದವು, ನಿಜ. ಆದರೆ ನಟ್ಟನಡುವೆ ಒಂದು, ಬೇರೆ ಯಾರದೋ ಮನೆಗೆ ಬಂದು ನಿಂತ ನೆಂಟನ ಹಾಗೆ, ಹಳದಿಯಾಗೇ ಇತ್ತು.

ಆಗ ನೆನಪಾಯಿತು. ಹದಿನಾಲ್ಕು ವರ್ಷದ ಹಿಂದೆ ಏಣಿಯಿಂದ ಬಿದ್ದು ಮುಂದಿನ ಹಲ್ಲು ಮುರಿದು, ಅದಕ್ಕೆ ಪಿಂಗಾಣಿ ಕ್ಯಾಪು ಹಾಕಿಸಿಕೊಂಡಿದ್ದರು. ಅಂದು ಡಾಕ್ಟರು ತೋರಿಸಿದ ಬಣ್ಣದ ಮಾದರಿಗಳನ್ನೆಲ್ಲ ಹೊರಗೆ ಬಿಸಿಲಿಗೆ ಒಯ್ದು, ತಮ್ಮ ಹಲ್ಲಿನ ಪಕ್ಕ ಹಿಡಿದು, ಇದು ಕೆಂಪು ಹೊಡೆಯುತ್ತದೆ, ಇದು ಬೂದಿ ಎಂದು ತಳ್ಳಿಹಾಕಿ, ಎರಡು ಸಲ ಮಾಡಿಸಿದ ಕ್ಯಾಪನ್ನು ವಾಪಸು ಕಳಿಸಿ, ಮೂರನೆಯದನ್ನು ಒಪ್ಪಿದ್ದರು. ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ, ಹಾಕಿಸಿಕೊಂಡವರೇ ಮರೆತುಬಿಟ್ಟಿದ್ದರು.

ಈ ಸಲ ಯಂತ್ರದ ಸದ್ದಿಗೂ ಹೆದರದೆ ಡಾಕ್ಟರ ಮುಂದೆ ಬಾಯಿ ತೆರೆದರು. ಪಿಂಗಾಣಿಗೆ ಯಾವ ಜೆಲ್ಲೂ ಹತ್ತುವುದಿಲ್ಲ ಎಂದರು ಆಕೆ. ಕ್ಯಾಪನ್ನೇ ಬದಲಿಸಬೇಕು, ಬಿಳಿ ಮಾಡಿದ ಹಲ್ಲಿನ ಬಣ್ಣ ಒಂದು ಹದಕ್ಕೆ ನಿಲ್ಲಲು ಇನ್ನೆರಡು ವಾರ ಬೇಕು, ಹೊಸ ಕ್ಯಾಪಿನ ಮಾತು ಆಮೇಲೆ. ಮದುವೆಗೆ ಉಳಿದದ್ದು ನಾಲ್ಕು ದಿನ.

"ಹಾಗಾದ್ರೆ ಮೊದ್ಲಿನ ಹಳದಿಗೇ ವಾಪಸ್ ತರೋಕಾಗುತ್ತಾ ಮೇಡಂ?"

"ಟೀ, ಸಿಗರೇಟು ಹೀಗೇ ಮುಂದುವರಿಸಿ. ಒಂದು ವರ್ಷದಲ್ಲಿ ತಾನಾಗೇ ಬರುತ್ತೆ."

ಮನೆಗೆ ಬಂದು ಸಾಮಾನಿನ ಕೋಣೆಯಲ್ಲಿ ಬಿಳಿ ಎನಾಮೆಲ್ ಡಬ್ಬಿಯ ಮುಂದೆ ಬಹಳ ಹೊತ್ತು ಕೂತರು. ಹೆಂಡತಿ ಅವರನ್ನು ಎಬ್ಬಿಸಿ ಹೊರಗೆ ಕಳಿಸಿದಳು. ಡಬ್ಬಿ ಒಳಗೇ ಬಿಟ್ಟು, ಕೋಣೆಗೆ ಬೀಗ ಹಾಕಿದಳು.

ಸ್ಟುಡಿಯೋದಲ್ಲಿ ಮೇಸ್ತ್ರಿ ಎಂದಿನಂತೆ ತುಟಿ ಬಿಗಿದು ನಿಂತರು. ಮಗಳು ಒಮ್ಮೆ ತಿರುಗಿ ನೋಡಿ, "ಹೋಗ್ಲಿ ಬಿಡಪ್ಪ," ಎಂದು ಮೆಲ್ಲಗೆ ಹೇಳಿ, ಕ್ಯಾಮೆರಾದ ಕಡೆ ಮುಖ ಮಾಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಇದನ್ನು ತಡೆಯಲಾಗಲಿಲ್ಲ. ದವಡೆಯ ಹಲ್ಲೂ ಕಾಣುವಷ್ಟು ಬಾಯಿ ತೆರೆದು ನಕ್ಕರು. ಕಣ್ಣಲ್ಲಿ ಮಾತ್ರ ನೀರು.

ಫೋಟೋ ತೆಗೆದವನು ಹತ್ತಿರ ಬಂದು, ಆ ಒಂದು ಹಲ್ಲನ್ನು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿಕೊಡುತ್ತೇನೆಂದು ಕಿವಿಯಲ್ಲಿ ಉಸುರಿದ.

"ಅದರ ತಂಟೆಗೆ ಹೋಗ್ಬೇಡ," ಎಂದರು ಮೇಸ್ತ್ರಿ. "ಕೈಲಾದ್ರೆ ಮಿಕ್ಕಿದ್ದನ್ನೆಲ್ಲ ಹಳದಿ ಮಾಡು. ಅವಳು ಕೇಳಿದ್ದು ಅವಳಪ್ಪನ್ನ."