ಊಟಿಗೆ ಸೇರಿಸಿದ ಎರಡು ದಿನ

ಆ ದಿನ ನಾನು ಮುಟ್ಟಾಗಿರಲಿಲ್ಲ. ಮದುವೆಯಾಗಿ ಕಮಲಾಪುರದ ಗಂಡನ ಮನೆ ತುಂಬಿದ ಮೂರನೆಯ ದಿನ ಬೆಳಿಗ್ಗೆ ಅತ್ತೆಯ ಮುಂದೆ ನಿಂತು, ತಲೆ ಬಗ್ಗಿಸಿ, ‘ನಾ ಹೊರಗಾಗೀನ್ರಿ ಅತ್ತಿ’ ಎಂದು ಹೇಳಿದ್ದು ಸುಳ್ಳು. ಹನಿಮೂನಿಗೆ ಎರಡು ದಿನ ಹೆಚ್ಚು ಸಿಗಲಿ ಎಂದು ಹೇಳಿದ ಸುಳ್ಳು.

ಇದನ್ನು ಓದಿದವರು ನಕ್ಕುಬಿಡಬಹುದು. ಇಷ್ಟೇನಾ, ಪೂಜೆ ತಪ್ಪಿಸಿಕೊಳ್ಳಲು ಹೆಣ್ಣುಮಕ್ಕಳು ಹೇಳುವ ಮಾತೇ ಅಲ್ಲವೇ ಇದು — ಎಂದು. ನಾನೂ ಹಾಗೇ ಅಂದುಕೊಂಡಿದ್ದೆ. ಅಂದುಕೊಂಡಿದ್ದಕ್ಕೇ ನಾಲಿಗೆ ಅಷ್ಟು ಸಲೀಸಾಗಿ ಹೊರಳಿತು. ಆದರೆ ಆ ಮಾತಿನ ಭಾರವನ್ನು ನಾನು ಹೊರಲಿಲ್ಲ. ಮೊದಲು ಅತ್ತೆ ಹೊತ್ತರು, ಅವರು ಹೋದ ಮೇಲೆ ನನ್ನ ಗಂಡ ಹೊತ್ತರು. ನಾನು ಪಕ್ಕದಲ್ಲಿ ಕೈ ಬೀಸಿಕೊಂಡು ನಡೆದೆ.

ಮೊದಲಿನಿಂದ ಹೇಳುತ್ತೇನೆ. ನನ್ನ ತವರು ಕಲಬುರಗಿ. ನಿಶ್ಚಯವಾಗಿ ಮದುವೆಗೆ ಒಂದು ತಿಂಗಳಿರುವಾಗ ಎರಡೂ ಕಡೆಯ ಹಿರಿಯರು ಜವಳಿ ಕೊಳ್ಳಲು ಅಲ್ಲಿನ ಸೂಪರ್ ಮಾರ್ಕೆಟ್ ಪೇಟೆಗೆ ಬಂದಿದ್ದರು. ಅವರು ಅಂಗಡಿಯಲ್ಲಿ ಸೀರೆಗಳ ಗುಡ್ಡೆ ಹಾಕಿಕೊಂಡು ಕೂತಾಗ ನಾವಿಬ್ಬರೂ ಮೆಲ್ಲಗೆ ಜಾರಿಕೊಂಡು, ಆಟೋ ಹತ್ತಿ ಕೋಟೆಯ ಕಡೆ ಹೋದೆವು. ಕಂದಕದ ಪಕ್ಕದ ಬೇವಿನ ನೆರಳಲ್ಲಿ ಕೂತು ಹನಿಮೂನಿನ ಬಜೆಟ್ ಮಾಡಿದೆವು. ಪ್ರೀತಿಯ ಮಾತು ಆಡಲು ಇಬ್ಬರಿಗೂ ನಾಚಿಕೆ. ರೈಲಿನ ಟಿಕೆಟ್ ಎಷ್ಟು, ಊಟಿಯಲ್ಲಿ ರೂಮಿನ ಬಾಡಿಗೆ ಎಷ್ಟು ಎಂದು ಮಾತಾಡುವುದಕ್ಕೆ ನಾಚಿಕೆ ಇರಲಿಲ್ಲ. ಹಾಗಾಗಿ ನಮ್ಮ ಪ್ರೀತಿಯ ಮಾತೆಲ್ಲ ಖರ್ಚಿನ ಲೆಕ್ಕದಲ್ಲೇ ನಡೆಯಿತು.

ಇವರು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಮಾಲೀಕ ಕೊಟ್ಟ ಸೂಟಿ ಅಷ್ಟಕ್ಕಷ್ಟೇ. ಆ ಸೂಟಿಯಲ್ಲಿ ಇವರು ಹಿಡಿದ ಮೊದಲ ಖರ್ಚು ಶ್ರೀಶೈಲಕ್ಕೆ ಹೋಗುವ ಕ್ರೂಸರ್ ಗಾಡಿಯದು. ಶ್ರೀಶೈಲದ ಮಲ್ಲಯ್ಯ ಇವರ ಮನೆದೇವರು. ಹೊಸ ಜೋಡಿ ಅರಿಷಿಣದ ಮೈಯಲ್ಲೇ ಹಿರಿಯರೊಡನೆ ಹೋಗಿ ಮಲ್ಲಯ್ಯನಿಗೆ ಕೈಮುಗಿದು ಬರಬೇಕು, ಉಳಿದ ತಿರುಗಾಟವೆಲ್ಲ ಆಮೇಲೆ. ಅದು ಆ ಮನೆಯ ಪದ್ಧತಿ. ಎಲ್ಲ ಕಳೆದು ಊಟಿಗೆ ಉಳಿದದ್ದು ಎರಡೇ ದಿನ.

“ಎರಡ ದಿನಕ್ಕ ಊಟಿಗಿ ಹೋಗಿ ಏನ್ ಮಾಡೋದ್ರಿ? ಸ್ವೆಟರ್ ಹಾಕ್ಕೊಂಡು ಬಿಚ್ಚಾಕೇನು?” ಎಂದೆ.

ಇವರು ನಕ್ಕರು. “ಮಲ್ಲಯ್ಯಂದು ಬಿಡಾಕ ಬರಂಗಿಲ್ಲ. ಅವ್ವ ಭಾಳ ವರ್ಷದಿಂದ ಕಾಯಾಕತ್ಯಾಳ,” ಎಂದರು.

ಅವ್ವ ಯಾಕೆ ಕಾಯುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ನನ್ನ ತಲೆಯಲ್ಲಿ ಊಟಿಯ ಮಂಜು ತುಂಬಿತ್ತು, ಗೆಳತಿಯರ ಫೋಟೋಗಳಿದ್ದವು. ನನಗೆ ಮೊದಲಿನಿಂದಲೂ ಹಟ ಜಾಸ್ತಿ. ಹಿಡಿದದ್ದು ಬಿಡದ ಉಡ ಎಂದೇ ನನ್ನ ಅವ್ವ ಬೈಯುತ್ತಿದ್ದಳು. ನೆಟ್ಟಗೆ ಜಗಳ ಮಾಡಿ ಕೇಳಿದ್ದರೂ ಚೆನ್ನಾಗಿರುತ್ತಿತ್ತು — ಹೊಸ ಸೊಸೆ ಜೋರಿದ್ದಾಳೆ ಎಂದು ನಾಲ್ಕು ದಿನ ಆಡಿಕೊಂಡು ಮರೆಯುತ್ತಿದ್ದರು. ನಾನು ಹಿತ್ತಲ ಬಾಗಿಲು ಹುಡುಕಿದೆ.

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಾತಿಗೆ ಹೇಳುತ್ತೇವೆ. ಆದರೂ ಕಮಲಾಪುರದ ಆ ಮನೆಯಲ್ಲಿ ಮುಟ್ಟಾದವರು ದೇವರ ಜಗುಲಿಯ ಹತ್ತಿರ ಹೋಗುವುದಿಲ್ಲ, ಪಡಸಾಲೆಯಲ್ಲಿ ಬೇರೆ ಮಲಗುತ್ತಾರೆ. ಇನ್ನು ಮಲ್ಲಯ್ಯನ ಗುಡ್ಡ ಹತ್ತುವ ಮಾತೆಲ್ಲಿ? ಇದು ನನಗೆ ಗೊತ್ತಿತ್ತು. ಮದುವೆಯ ಓಡಾಟದಲ್ಲಿ ಮುಟ್ಟಿನ ದಿನ ಹಿಂದೆಮುಂದೆ ಆಗುವುದನ್ನು ಯಾರೂ ಅನುಮಾನಿಸುವುದಿಲ್ಲ ಎಂಬುದೂ ಗೊತ್ತಿತ್ತು. ಮರುದಿನ ನಸುಕಿಗೆ ಗಾಡಿ ಬರುವುದಿತ್ತು. ಅತ್ತೆ ಬುತ್ತಿಗೆಂದು ಶೇಂಗಾ ಹುರಿಯುತ್ತಿದ್ದರು. ನಾನು ಹೋಗಿ ಹೇಳಿದೆ.

ಅವರ ಕೈಯಲ್ಲಿದ್ದ ಸೌಟು ನಿಂತಿತು. ಆಮೇಲೆ ಒಲೆ ಸಣ್ಣದು ಮಾಡಿ ಎದ್ದರು. “ಇರ್ಲಿ ಬಿಡವ್ವ. ಮಲ್ಲಯ್ಯ ಎಲ್ಲಿ ಓಡಿ ಹೋಗ್ತಾನ? ನಿನ್ನ ಮೈ ಮೊದ್ಲು,” ಎಂದರು. ಮಗನನ್ನು ಕರೆದು, “ಶರಣು, ಗಾಡಿಯವನಿಗಿ ಬ್ಯಾಡ ಅಂತ ಹೇಳು. ಆ ರೊಕ್ಕ ಊಟಿಗಿ ಹಾಕ್ರಿ. ಹ್ಯಾಂಗೂ ಸೂಟಿ ಅದ, ಎರಡ ದಿನ ಹೆಚ್ಗಿ ಇದ್ದು ಬರ್ರಿ,” ಎಂದು ತಾವೇ ಹೇಳಿದರು. ಅದು ಅವರದೇ ದುಡ್ಡು, ಹೊಲದ ಬಾಳೆಗೊನೆ ಮಾರಿ ಎತ್ತಿಟ್ಟದ್ದು. ನಾನು ಬಾಯಿ ಬಿಟ್ಟು ಕೇಳುವ ಮೊದಲೇ ನನ್ನ ಬಯಕೆಯನ್ನೆಲ್ಲ ಅವರೇ ನನ್ನ ಉಡಿಗೆ ಹಾಕಿದರು. ಆಗ ನನಗಾದದ್ದು ಸಂಕಟವಲ್ಲ — ಸಂತೋಷ. ಗೆದ್ದೆ ಅನ್ನಿಸಿತ್ತು.

ಆ ಮಧ್ಯಾಹ್ನ ಇವರು ಟಿಕೆಟ್ಟಿನ ತಾರೀಖು ಬದಲಿಸಲು ಕಲಬುರಗಿಗೆ ಹೋದರು. ನಾನು ಪಡಸಾಲೆಯಲ್ಲಿ ಚಾಪೆಯ ಮೇಲೆ ಬೆನ್ನುನೋವು ನಟಿಸುತ್ತ ಮಲಗಿದ್ದೆ. ಅತ್ತೆ ಶುಂಠಿ ಬೆಲ್ಲದ ಕಷಾಯ ತಂದುಕೊಟ್ಟು, ಹೊಸ ಹುಡುಗಿಗೆ ಒಬ್ಬಳೇ ಬೇಸರವಾದೀತೆಂದು ಅಲ್ಲೇ ಕಂಬಕ್ಕೆ ಒರಗಿ ಕೂತರು. ಕೂತವರು ಮಾತು ತೆಗೆದರು.

ಅವರು ಮದುವೆಯಾಗಿ ಬಂದಾಗ ಆ ಮನೆ ತುಂಬ ಮಂದಿ. ಹಿರಿಯರ ಮುಂದೆ ಗಂಡಹೆಂಡತಿ ಮಾತಾಡುವ ಹಾಗಿರಲಿಲ್ಲ. ಮದುವೆಯಾದ ವಾರದಲ್ಲೇ ಎಲ್ಲರೂ ಮಲ್ಲಯ್ಯನ ಗುಡ್ಡಕ್ಕೆ ಹೋದರು. ದರ್ಶನವಾದ ಮೇಲೆ ಹಿರಿಯರು ಛತ್ರದಲ್ಲಿ ಮಲಗಿದಾಗ ಅತ್ತೆ ಮಾವ ಇಬ್ಬರೇ ಪಾತಾಳಗಂಗೆಯ ಮೆಟ್ಟಿಲಿಳಿದು ಹೊಳೆಯ ದಂಡೆಗೆ ಹೋಗಿ ಕೂತರಂತೆ.

“ಅವತ್ತ ನನ್ನ ಹೆಸರ ಹಿಡದು ಕರದ್ರು ನೋಡವ್ವ. ನಾಗಮ್ಮ ಅಂತ. ಮನ್ಯಾಗ ಎಂದೂ ಕರದವರಲ್ಲ. ಹೊತ್ತ ಮುಳುಗೋತನ ಮಾತಾಡಿದ್ರು. ನೀವು ಹನಿಮೂನ್ ಅಂತೀರಲ್ಲ, ನಂದು ಅಷ್ಟ. ಆಮ್ಯಾಲ ನಾವಿಬ್ರೂ ಎಲ್ಲೂ ಹೋಗ್ಲಿಲ್ಲ. ಈಗ ಅವರೂ ಇಲ್ಲ.” ಕಷಾಯದ ಲೋಟ ನನ್ನ ಕಡೆ ಸರಿಸಿ ಮತ್ತೆ ಹೇಳಿದರು: “ಆ ಮೆಟ್ಲ ನಿನಗ ತೋರ್ಸಬೇಕು ಅಂತ ಭಾಳ ಇತ್ತು. ಮಗನಿಗಿ ತೋರ್ಸಾಕ ಆಗ್ತದೇನು, ನಾಚಿಗಿ. ಸೊಸಿ ಅಂದ್ರ ಬ್ಯಾರೆ.”

ಶರಣುವಿನ ಮದುವೆ ಕೂಡಿಬರಲೆಂದು ಅವರು ಹರಕೆ ಹೊತ್ತಿದ್ದರು. ಸೊಸೆಯನ್ನು ಕರೆದುಕೊಂಡು ಮಲ್ಲಯ್ಯನಿಗೆ ಹೋಗಿ ಬರುವವರೆಗೆ ಕೆಂಪು ಬಾಳೆಹಣ್ಣು ತಿನ್ನುವುದಿಲ್ಲ ಎಂದು. ಕೆಂಪು ಬಾಳೆಗೇ ಹೆಸರಾದ ಕಮಲಾಪುರದಲ್ಲಿದ್ದುಕೊಂಡು ಅದನ್ನೇ ಬಿಡುವುದು! ತಮ್ಮ ಹೊಲದಲ್ಲೇ ಬೆಳೆಯುವ ಹಣ್ಣು.

ಆಗ ಹೇಳಬಹುದಿತ್ತು. ಗಾಡಿಯವನಿಗೆ ಇನ್ನೊಮ್ಮೆ ಫೋನ್ ಮಾಡಿದ್ದರೆ ಬರುತ್ತಿದ್ದ. ಅತ್ತಿ, ನಾ ಸುಳ್ಳು ಹೇಳೀನ್ರಿ — ಮಾತು ಗಂಟಲಿನವರೆಗೆ ಬಂದಿತ್ತು, ನಿಜ. ಆದರೆ ಬಂದ ಮೂರು ದಿನಕ್ಕೆ ಸುಳ್ಳಿ ಎನಿಸಿಕೊಳ್ಳುವುದೇ... ಇವರು ಟಿಕೆಟ್ ಬದಲಿಸಿಯೂ ಆಗಿರಬಹುದು... ಮುಂದಿನ ತಿಂಗಳು ಹೋದರಾಯಿತಲ್ಲ... ಹೀಗೆ ಒಂದೊಂದೇ ಕಾರಣ ಎತ್ತಿಕೊಂಡು ಕಷಾಯ ಕುಡಿದು ಮುಗಿಸಿದೆ. ಲೋಟ ಕೂಡ ಅವರೇ ತೊಳೆದರು. ಏನೂ ತಿಳಿಯದೆ ಹೇಳಿದ ಮೊದಲ ಸುಳ್ಳಿಗಿಂತ, ಎಲ್ಲ ತಿಳಿದು ಸುಮ್ಮನಿದ್ದ ಆ ಮಧ್ಯಾಹ್ನ ನನ್ನನ್ನು ಹೆಚ್ಚು ಸುಡುತ್ತದೆ.

ಊಟಿಯಲ್ಲಿ ನಾನು ಖುಷಿಯಾಗಿದ್ದೆ. ಅದನ್ನೂ ಹೇಳಿಬಿಡಬೇಕು. ಸುಳ್ಳು ಹೇಳಿ ಹೋದವಳಿಗೆ ಅಲ್ಲಿ ಅನ್ನ ರುಚಿಸಲಿಲ್ಲ, ನಿದ್ದೆ ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಿಸಿ ಮೆಕ್ಕೆಜೋಳ ತಿಂದೆವು, ದೋಣಿಯಲ್ಲಿ ಕೂತೆವು, ಒಂದೇ ಶಾಲು ಹೊದ್ದು ನಡೆದೆವು. ಹೆಚ್ಚಿಗೆ ಸಿಕ್ಕ ಆ ಎರಡು ದಿನಗಳೇ ಬಲು ಸುಂದರವಾಗಿದ್ದವು. ಇವರು ಅವ್ವನ ಮೊಣಕಾಲಿಗೆಂದು ನೀಲಗಿರಿ ಎಣ್ಣೆ ಕೊಂಡರು. ನಾನೇ ಚೌಕಾಶಿ ಮಾಡಿ ಕೊಡಿಸಿದೆ.

ತಿರುಗಿ ಬಂದ ನಾಲ್ಕು ದಿನಕ್ಕೆ ನಿಜವಾಗಿ ಮುಟ್ಟಾದೆ. ಹೇಳುವಂತಿಲ್ಲ — ಲೆಕ್ಕ ತಾಳೆಯಾಗುವುದಿಲ್ಲವಲ್ಲ. ಒಂದು ಸುಳ್ಳಿಗೆ ಇನ್ನೊಂದರ ಊರುಗೋಲು. ಸ್ನಾನ ಮಾಡಿ, ಎಂದಿನಂತೆ ದೇವರ ಮುಂದೆ ಕೂತು ದೀಪಕ್ಕೆ ಬತ್ತಿ ಹೊಸೆದೆ. ನಡುನಡುವೆ ಸೊಂಟ ಒತ್ತಿಕೊಳ್ಳುತ್ತಿದ್ದೆ. ಹಿಂದಿನಿಂದ ಅತ್ತೆ ಬಂದರು. ನನ್ನ ಮುಖ ನೋಡಿದರು. ಬಗ್ಗಿ, ನನ್ನ ಪಕ್ಕದಲ್ಲಿದ್ದ ಕಡ್ಡಿಪೆಟ್ಟಿಗೆ ತೆಗೆದುಕೊಂಡರು.

“ಇವತ್ತ ದೀಪ ನಾ ಹಚ್ತೀನಿ. ನೀ ಹೋಗಿ ಮಲ್ಕೊ, ಬೆನ್ನ ನೋಯ್ತಿರ್ತದ.”

ಅಷ್ಟೇ. ಜೀವಮಾನವೆಲ್ಲ ಆ ಮನೆ ನಡೆಸಿದ ಹೆಂಗಸು, ಆಕೆಗೆ ಲೆಕ್ಕ ಬರುವುದಿಲ್ಲವೇ? ಅವರಿಗೆ ಗೊತ್ತಾಗಿತ್ತು. ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರು ಬೈಯಲಿಲ್ಲ, ಮಗನ ಕಿವಿಗೂ ಹಾಕಲಿಲ್ಲ. ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ನನ್ನ ಬಾಣಂತನದಲ್ಲಿ ಮೈ ತಿಕ್ಕಿ ಎರೆದವರು ಅವರೇ. ಆದರೆ ಆ ಪಡಸಾಲೆಯಲ್ಲಿ ಹೇಳಿದಂಥ ಮಾತನ್ನು ನನ್ನೊಡನೆ ಮತ್ತೆ ಆಡಲಿಲ್ಲ. ಊಟವಾಯಿತೇ, ಮಗು ಮಲಗಿತೇ, ಬಸ್ಸು ಎಷ್ಟು ಗಂಟೆಗೆ... ಇಷ್ಟರಲ್ಲೇ ಉಳಿದರು. ಮನದ ಮಾತು ಆಡಲು ಅವರಿಗೊಬ್ಬ ಸೊಸೆ ಬೇಕಾಗಿತ್ತು. ಮೂರು ದಿನಕ್ಕೇ ಅವಳು ಕಳೆದುಹೋಗಿದ್ದಳು.

ಶ್ರೀಶೈಲ ಮಾತ್ರ ಆಗಲೇ ಇಲ್ಲ. ಮೊದಲು ಆಷಾಢ ಅಡ್ಡ ಬಂತು, ಆಮೇಲೆ ನಾನು ಬಸುರಿ, ಆಮೇಲೆ ಮಗಳು ಸಣ್ಣವಳು. ಹೀಗೇ ಲೋಕ ನಂಬುವ ಕಾರಣಗಳು. ಒಳಗಿನ ಕಾರಣ ಬೇರೆ. ಅವರ ಜೊತೆ ಆ ಮೆಟ್ಟಿಲಿಗೆ ಹೋಗಿ ನಿಲ್ಲಲು ನನಗೆ ಹೆದರಿಕೆಯಿತ್ತು. ನಾವು ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಕಡೆ ಬಾಡಿಗೆ ಮನೆ ಹಿಡಿದೆವು. ಅತ್ತೆ ಕಮಲಾಪುರದಲ್ಲಿ ಮಾವನವರ ತಮ್ಮನ ಸಂಸಾರದೊಂದಿಗೆ ಉಳಿದರು. ಹೋದಾಗಲೆಲ್ಲ ಚೀಲ ತುಂಬ ಕೆಂಪು ಬಾಳೆಹಣ್ಣು ಕೊಡುತ್ತಿದ್ದರು. ಮೊಮ್ಮಗಳಿಗೆ ಸುಲಿದು ತಿನಿಸುತ್ತಿದ್ದರು. ತಾವು ತಿನ್ನಲಿಲ್ಲ. ಹರಕೆ ಸೊಸೆಯೊಡನೆ ಹೋಗುವುದಕ್ಕೆ ಇದ್ದುದರಿಂದ ಬೇರೆ ಯಾರೊಡನೆ ಹೋದರೂ ತೀರುವಂತಿರಲಿಲ್ಲ. ಒಮ್ಮೆ ಮಾತ್ರ, ಮೊಣಕಾಲು ಪೂರ್ತಿ ಹಿಡಿಯುವ ಮೊದಲು, “ಈ ವರ್ಷ ಆಗ್ತದೇನವ್ವ?” ಎಂದು ಕೇಳಿದರು. “ಮುಂದಿನ ವರ್ಷ ಖಂಡಿತ ಹೋಗೂಣ್ರಿ ಅತ್ತಿ,” ಎಂದೆ. ಅವರು ಮತ್ತೆ ಕೇಳಲಿಲ್ಲ.

ಹೋದ ವರ್ಷ ಜ್ವರ ಬಂದು ತೀರಿಕೊಂಡರು. ಮಣ್ಣು ಕೊಟ್ಟು ಬಂದ ದಿನ, ನೆಂಟರೆಲ್ಲ ಕೂತಿದ್ದಾಗ ಯಾರೋ, “ನಾಗಮ್ಮಂದು ಮಲ್ಲಯ್ಯನ ಹರಕಿ ಹಂಗಾ ಉಳೀತು. ಮಗಾ ಕರ್ಕೊಂಡು ಹೋಗ್ಲಿಲ್ಲ,” ಎಂದರು. ಇವರು ತಲೆ ತಗ್ಗಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ, ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದೆ.

ಅಲ್ಲಿಂದ ಇವರು ಮೊದಲಿನಂತಿಲ್ಲ. ಊಟದ ನಡುವೆ ಕೈ ನಿಲ್ಲುತ್ತದೆ. “ಊಟಿ ಆಶಾದಾಗ ಅವ್ವನ್ ಮರ್ತೆ. ಮಾಲಕರ ಕೈಕಾಲ ಬಿದ್ದಿದ್ರ ಇನ್ನ ನಾಕ ದಿನ ಸೂಟಿ ಸಿಗ್ತಿತ್ತು. ನಾ ಕೇಳ್ಲೇ ಇಲ್ಲ,” ಎನ್ನುತ್ತಾರೆ. ನಾನು ಸಾರು ಬಡಿಸುತ್ತೇನೆ. ಒಂದೇ ಮನೆ, ಒಂದೇ ಹಾಸಿಗೆ. ಇವರು ತಮ್ಮದಲ್ಲದ ತಪ್ಪಿಗೆ ಒಬ್ಬರೇ ಕೊರಗುತ್ತಿದ್ದರು, ನಾನು ನನ್ನ ತಪ್ಪಿನೊಡನೆ ಒಬ್ಬಳೇ ಇದ್ದೆ.

ಈ ತಿಂಗಳು ಇವರು ಶ್ರೀಶೈಲಕ್ಕೆ ಹೋಗುವುದೆಂದು ನಿಶ್ಚಯಿಸಿದರು. ಅವ್ವನ ಹೆಸರಿನಲ್ಲಿ ಹರಕೆ ಒಪ್ಪಿಸಲು. ಭಾನುವಾರ ಮಧ್ಯಾಹ್ನ ಮೊಬೈಲ್ ಹಿಡಿದು ಬಸ್ಸಿನ ಲೆಕ್ಕ ಹಾಕುತ್ತ ಕೂತಿದ್ದರು. ಮಗಳಿಗೆ ಪರೀಕ್ಷೆ, ಅವಳನ್ನು ನನ್ನ ತವರಿನಲ್ಲಿ ಅವ್ವನ ಹತ್ತಿರ ಬಿಟ್ಟರಾಯಿತು ಎಂದರು. ಕೋಟೆಯ ಪಕ್ಕ ಕೂತು ಲೆಕ್ಕ ಹಾಕಿದ ಅದೇ ಹುಡುಗ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. “ಇಬ್ಬರದು ಹಿಡೀಲೇನು?” ಎಂದು ತಲೆ ಎತ್ತಿದರು.

ನಾನು ಹೇಳಿಬಿಟ್ಟೆ. ಸುಳ್ಳು ಹೇಳಿದ್ದು, ಪಡಸಾಲೆಯ ಮಾತು, ಕಡ್ಡಿಪೆಟ್ಟಿಗೆ — ಎಲ್ಲ. ಮಾವನವರು ಹೆಸರು ಹಿಡಿದು ಕರೆದದ್ದನ್ನೂ ಹೇಳಿದೆ. ಅತ್ತೆ ನಾಚಿ ಮಗನಿಂದ ಮುಚ್ಚಿಟ್ಟದ್ದು, ಆದರೂ ಅದು ಇವರಿಗೆ ಸೇರಬೇಕೆನ್ನಿಸಿತು.

ಇವರು ಬೈಯಲಿಲ್ಲ. ಮೊಬೈಲ್ ಕೆಳಗಿಟ್ಟು, “ಅವ್ವಗ ಗೊತ್ತಿತ್ತು?” ಎಂದಷ್ಟೇ ಕೇಳಿದರು.

“ಗೊತ್ತಿತ್ರಿ.”

“ಇಷ್ಟ ವರ್ಷ ಒಬ್ಬಾಕಿನೇ ಎಲ್ಲಾ ನುಂಗ್ಕೊಂಡು ಕುಂತಳಲ್ಲ,” ಎಂದರು. ಮೊಬೈಲ್ ಕಡೆ ಬಗ್ಗಿದರು. ಒಂದೇ ಟಿಕೆಟ್ ತೆಗೆದರು.

ಇವತ್ತು ಬೆಳಿಗ್ಗೆ ಹೊರಟರು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಚೀಲ ತೆಗೆದುಕೊಂಡರು. ನಾನೂ ಬರ್ತೀನಿ ಅನ್ನುವ ಬಾಯಿ ನನಗಿರಲಿಲ್ಲ, ಬಾ ಎಂದು ಅವರೂ ಅನ್ನಲಿಲ್ಲ. ಬಾಗಿಲು ಹಾಕಿಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಮಗಳು ಪರೀಕ್ಷೆಗೆ ಹೋಗಿದ್ದಾಳೆ, ಮನೆಯಲ್ಲಿ ಬೇರೆ ಯಾರೂ ಇಲ್ಲ.

ಕ್ಷಮೆ ಕೇಳಬೇಕಾದವರು ಮಣ್ಣಿನಲ್ಲಿದ್ದಾರೆ. ಇವರು ಕ್ಷಮಿಸುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ನನ್ನ ಕೈಯಲ್ಲಿ ಉಳಿದದ್ದು ಒಂದಿದೆ. ಬರುವ ತಿಂಗಳು ಅತ್ತೆಯ ವರ್ಷದ ಕಾರ್ಯಕ್ಕೆ ಕಮಲಾಪುರದಲ್ಲಿ ಎಲ್ಲ ನೆಂಟರೂ ಸೇರುತ್ತಾರೆ. ಮಗ ಕರೆದುಕೊಂಡು ಹೋಗಲಿಲ್ಲ ಎಂಬ ಮಾತು ಮತ್ತೆ ಬಂದೇ ಬರುತ್ತದೆ. ಆಗ ಲೋಟ ಎತ್ತಿಕೊಂಡು ಒಳಗೆ ಹೋಗುವುದಿಲ್ಲ. ಪಡಸಾಲೆಗೆ ಬಂದು ನಿಂತು, ಅಷ್ಟೂ ಮಂದಿಯ ಮುಂದೆ, ತಪ್ಪಿಸಿದವಳು ನಾನು ಎಂದು ಹೇಳುತ್ತೇನೆ.