ರೇಂಜ್ ಸಿಗುವ ದಿಬ್ಬ

ಫೀಲ್ಡ್‌ಮನ್ ಶಿದ್ರಾಮಪ್ಪ ತೀರಿಕೊಂಡ. 2017ರ ಜನವರಿ ಮೂವತ್ತೊಂದು, ಮಂಗಳವಾರ ಸಂಜೆ, ತುಬಚಿಯ ಹೊಳೆದಂಡೆಯ ಒಂದು ಕಬ್ಬಿನ ಹೊಲದಲ್ಲಿ. ಹೃದಯ ನಿಂತಿತು ಎಂದರು. ಐವತ್ತೈದು ವಯಸ್ಸು.

ಸಕ್ಕರೆ ಕಾರ್ಖಾನೆಯಲ್ಲಿ ಅವನದು ಇಪ್ಪತ್ತಾರು ವರ್ಷದ ನೌಕರಿ. ಹೊಲ ಅಳೆದು, ನಾಟಿಯ ದಿನ ಕೇಳಿ, ಕಬ್ಬನ್ನು ಕಾರ್ಖಾನೆಯ ಪಟ್ಟಿಗೆ ಸೇರಿಸುವ ಕೆಲಸ. ಯಾರ ಕಬ್ಬು ಮೊದಲು ನೋಂದಣಿಯಾಯಿತೋ ಅವರ ಹೊಲಕ್ಕೆ ಕಡಿಯುವ ಗ್ಯಾಂಗು ಮೊದಲು ಬರುತ್ತದೆ. ತಡವಾದವರ ಕಬ್ಬು ಬೇಸಿಗೆಯವರೆಗೂ ನಿಂತು ಬೆಂಡಾಗುತ್ತದೆ. ಹಿಂದೆಲ್ಲ ಬದುವಿನ ಮೇಲೆ ನಿಂತು ವಹಿಯಲ್ಲಿ ಬರೆದರೆ ಮುಗಿಯುತ್ತಿತ್ತು. ಆಮೇಲೆ ಕಾರ್ಖಾನೆಯವರು ಕೈಗೆ ಮೊಬೈಲ್ ಕೊಟ್ಟರು.

ಕೊಟ್ಟ ವರ್ಷವೇ ಅವನು ತಪ್ಪಿದ. ತುಬಚಿಯ ಆರು ಹೊಲ ಅಳೆದು ಒತ್ತಿದಾಗ ‘ಉಳಿಸಲಾಗಿದೆ’ ಎಂದು ಬಂತು. ವಹಿಯಲ್ಲಿ ಬರೆದಷ್ಟೇ ಖಾತ್ರಿ ಎಂದುಕೊಂಡು ಮುಂದಿನ ಊರಿಗೆ ಹೋದ. ಐದು ದಿನ ಹೊಳೆಸಾಲಿನ ಊರುಗಳಲ್ಲೇ ತಿರುಗಿದ. ಎಲ್ಲೂ ನೆಟ್ ಇರಲಿಲ್ಲ, ಬರೆದದ್ದೆಲ್ಲ ಮೊಬೈಲಿನಲ್ಲೇ ಕೂತಿತ್ತು. ಆರನೆಯ ದಿನ ಸಾವಳಗಿಯ ಬಸ್‌ಸ್ಟ್ಯಾಂಡಿನಲ್ಲಿ ನೆಟ್ ಸಿಕ್ಕು ಅದು ತಾನಾಗಿ ಕಾರ್ಖಾನೆಗೆ ಹೋಯಿತು. ಹೋದ ದಿನವನ್ನೇ ಕಂಪ್ಯೂಟರು ನೋಂದಣಿಯ ದಿನವೆಂದು ಹಿಡಿಯಿತು. ಆರೂ ಮಂದಿಯ ಪಾಳಿ ಏಪ್ರಿಲ್‌ಗೆ ಬಿತ್ತು.

ಅವರಲ್ಲಿ ಒಬ್ಬಳು ಹಾಲವ್ವ. ಗಂಡ ಹೋದಮೇಲೆ ಎರಡೆಕರೆಯನ್ನು ತಾನೇ ನಡೆಸಿಕೊಂಡು ಬಂದವಳು. ಉಳಿದವರು ಬೈದರು. ಅವಳು, “ತಮ್ಮಾ, ನೀ ಬರದಿ ಅಂದ್ರ ಆತು ಅಂತ ತಿಳದಿದ್ದೆ” ಎಂದಳಷ್ಟೇ.

ಅಂದಿನಿಂದ ಅವನು ಹೊಲ ಅಳೆಯುವುದಕ್ಕಿಂತ ಹೆಚ್ಚಾಗಿ ನೆಟ್ ಹುಡುಕಿದ. ಎರಡು ಕಂಪನಿಯ ಸಿಮ್ ಇಟ್ಟುಕೊಂಡ. ಗಲಗಲಿಯ ಸೇತುವೆಯ ನಡುಮಧ್ಯೆ ಯಾವುದು ಹಿಡಿಯುತ್ತದೆ, ಯಾವ ಊರಲ್ಲಿ ನೀರಿನ ಟಾಕಿ ಹತ್ತಬೇಕು, ಎಲ್ಲ ಬಾಯಿಪಾಠ. ಅಳೆಯಲು ಅರ್ಧ ಗಂಟೆ, ಕಳಿಸಲು ಅರ್ಧ ದಿನ. ಮೊಣಕಾಲು ಸವೆದಿತ್ತು. ಊಟಕ್ಕೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ.

ಈ ಸಲ ಮೊದಲ ಪಟ್ಟಿ ಜನವರಿ ಕೊನೆಯ ದಿನ ಐದು ಗಂಟೆಗೆ ಬಂದ್ ಆಗುವುದಿತ್ತು. ಹಾಲವ್ವನ ಹೊಲ ಉಳಿದಿತ್ತು. ಅವನು ತುಬಚಿ ಮುಟ್ಟಿದಾಗ ಮೂರು ಗಂಟೆ. ನಾಲ್ಕೂ ಮೂಲೆಗೆ ನಡೆದು ಅಳೆದ. ಪಕ್ಕದ ಹೊಲದ ಚನಮಲ್ಲಪ್ಪ ಬದುವಿನ ಮೇಲೆ ಕೂತು ನೋಡುತ್ತಿದ್ದ.

“ಸಾಹೇಬ್ರ, ಈ ಸಲಾನೂ ಏಪ್ರಿಲ್ ಏನ್ರಿ?”

“ನಿನ್ನ ನಾಲಿಗಿ ಮ್ಯಾಲ ಒಂದ ಟವರ್ ಕಟ್ಟಬೇಕಲೇ. ಊರಿಗೆಲ್ಲಾ ರೇಂಜ್ ಸಿಗ್ತತಿ.”

“ಸುಮ್ನಿರೋ ಚನಮಲ್ಲಾ,” ಎಂದಳು ಹಾಲವ್ವ. “ತಮ್ಮಾ, ಮಾರಿ ಯಾಕ ಹಿಂಗ ಬಿಳಚೈತಿ? ತುಸು ಕುಂದ್ರು.”

“ಐದರೊಳಗ ಹೋಗಬೇಕಕ್ಕಾ ಇದು.”

ಏತ ನೀರಾವರಿಗೆಂದು ಅಗೆದು ಸುರಿದ ಮಣ್ಣಿನ ದಿಬ್ಬ ಎರಡು ಕಿಲೋಮೀಟರ್ ಆಚೆ. ಬುಡದಲ್ಲಿ ಬೈಕ್ ನಿಲ್ಲಿಸಿ ಹತ್ತಿದ. ಒಂದು ಸಿಮ್ ಸತ್ತೇ ಹೋಗಿತ್ತು. ಇನ್ನೊಂದರಲ್ಲಿ ಚಕ್ರ ತಿರುಗುವುದು, ನಿಲ್ಲುವುದು. ಕಾರ್ಖಾನೆಯ ಆಫೀಸಿನ ಬಾಳಾಸಾಹೇಬನಿಗೆ ಫೋನ್ ಹಚ್ಚಿದ.

“ಹತ್ತ ನಿಮಿಷ ಪಟ್ಟಿ ತಡೀರಿ.”

“ನನ್ನ ಕೈಯಾಗ ಏನೈತ್ರಿ? ಕಂಪ್ಯೂಟರ್ ತಾನ ಬಂದ್ ಮಾಡ್ತತಿ.”

ದಿಬ್ಬ ಇಳಿದು ಇನ್ನೊಂದು ಬದಿಯಿಂದ ಹತ್ತಿದ. ಎದೆ ಹಿಡಿದಂತಾಗಿ ಮಣ್ಣಿನ ಮೇಲೇ ಕೂತ. ಕೂತಲ್ಲಿಂದಲೇ ಮತ್ತೆ ಒತ್ತಿದ. ಐದಕ್ಕೆ ಎಂಟು ನಿಮಿಷ ಇರುವಾಗ ಹೋಯಿತು. ನೋಂದಣಿ ಸಂಖ್ಯೆ ಬಂತು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಬಹುದಿತ್ತು. ಹಾಲವ್ವನ ಹೊಲದಲ್ಲಿ ಫೋನ್ ಹತ್ತುವುದಿಲ್ಲ; ಸುದ್ದಿ ಮರುದಿನ ತಲುಪಿದರೂ ನಡೆಯುತ್ತಿತ್ತು. ಆದರೆ ಒಮ್ಮೆ ಅವನನ್ನು ನಂಬಿ ಕೆಟ್ಟವಳು ಅವಳು. ಬೈಕನ್ನು ನಿಧಾನಕ್ಕೆ ಹೊಲದ ಕಡೆ ತಿರುಗಿಸಿದ.

“ಹೋತಕ್ಕಾ.”

“ಖರೆ?”

“ಖರೆ. ಈ ಸಲ ಖರೆ.”

ಬರೆದುಕೊಡಲು ಕಿಸೆಯಲ್ಲಿ ಚೀಟಿ ಇರಲಿಲ್ಲ. ಪಂಪ್‌ಸೆಟ್ಟಿನ ಖೋಲಿಯ ಮುಂದಿನ ಒಲೆಯಿಂದ ಒಂದು ಇದ್ದಿಲು ತೆಗೆದುಕೊಂಡ. ಬಾಗಿಲಿನ ಮುಂದೆ ಕೂತು, ಮೊಬೈಲ್ ನೋಡುತ್ತ, ಹಲಗೆಯ ಮೇಲೆ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ದೊಡ್ಡದಾಗಿ ಬರೆದ. ಅದರ ಕೆಳಗೆ ಆ ದಿನದ ತಾರೀಖು ಹಾಕಿದ.